ಪೈಗೇಮ್‌ನಲ್ಲಿ ಭೂಮಿ ಆರು ಕಡೆ ಕುಪ್ಪಳಿಸುತ್ತಿದೆ, ಚಂದ್ರ ಅದರ ಜೊತೆ ಬರುತ್ತಿಲ್ಲ

ಕಬ್ಬಿನ_ಗದ್ದೆ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿ ಮಕ್ಕಳ ಜೊತೆ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಸೌರಮಂಡಲ ಮಾಡಿಸುತ್ತಿದ್ದೇನೆ. ಥರ್ಮಾಕೋಲ್ ಉಂಡೆಗಳ ಬದಲು ಈ ಸಲ ಪೈಥಾನ್ ಮತ್ತು ಪೈಗೇಮ್ (ಪೈಥಾನಿನಲ್ಲಿ ಆಟ, ಚಲಿಸುವ ಚಿತ್ರ ಮಾಡಲು ಬಳಸುವ ಸಲಕರಣೆ). ಕಿಟಕಿ 800 × 600, ಸೂರ್ಯ (400, 300)ರಲ್ಲಿ. ಭೂಮಿಯ ಕಕ್ಷೆಯ ತ್ರಿಜ್ಯ 150 ಪಿಕ್ಸೆಲ್, ಚಂದ್ರನದು 30. ಲೂಪಿನ ಒಳಗಿನ ಸಾಲುಗಳು ಇವು (ಮಕ್ಕಳಿಗೆ ಬೋರ್ಡಿನ ಮೇಲೆ ಬರೆದ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ):

ಕೋನ = ಕೋನ + 1
ಭೂಮಿ_ಎಕ್ಸ್ = 400 + 150 * ಕಾಸ್(ಕೋನ)
ಭೂಮಿ_ವೈ = 300 + 150 * ಸೈನ್(ಕೋನ)
ಚಂದ್ರ_ಎಕ್ಸ್ = ಚಂದ್ರ_ಎಕ್ಸ್ + 30 * ಕಾಸ್(ಕೋನ)
ಚಂದ್ರ_ವೈ = ಚಂದ್ರ_ವೈ + 30 * ಸೈನ್(ಕೋನ)

ಭೂಮಿ ನಯವಾಗಿ ಸುತ್ತುವ ಬದಲು ಒಂದೇ ಸಲಕ್ಕೆ ಆರು ಜಾಗದಲ್ಲಿ ಕಾಣಿಸುತ್ತದೆ, ಆ ಆರೂ ಚುಕ್ಕೆಗಳು ಹಿಂದಕ್ಕೆ ತಿರುಗುತ್ತಿರುವಂತಿದೆ. ಚಂದ್ರ ಸುತ್ತುತ್ತಾನೆ, ಆದರೆ ಭೂಮಿಯ ಸುತ್ತ ಅಲ್ಲ, ಎಲ್ಲೋ ಒಂದು ಮೂಲೆಯಲ್ಲಿ. ಮಕ್ಕಳದು ಇನ್ನೊಂದು ಪ್ರಶ್ನೆ: "ಸೈನ್, ಕಾಸ್ ಲಂಬಕೋನ ತ್ರಿಭುಜಕ್ಕೆ ತಾನೇ? ವೃತ್ತಕ್ಕೆ ಯಾಕೆ ಹಾಕಿದ್ದೀರಿ?" ಗೊತ್ತಿರುವವರು ಹೇಳಿಕೊಡಿ. ಬೇರೆ ಗ್ರಹಗಳಿಗೆ ಎಷ್ಟು ವೇಗ ಕೊಡಬೇಕು ಅನ್ನೋದೂ ಬೇಕಿತ್ತು.

---

ಕೋನಮಾಪಕ (ಮೈಸೂರು):

ಮೇಷ್ಟ್ರೇ, ಭೂಮಿಯದು ರೇಡಿಯನ್ (ತ್ರಿಜ್ಯದಷ್ಟೇ ಉದ್ದದ ಕಂಸಕ್ಕೆ ಎದುರಾದ ಕೋನ) ತಪ್ಪು. ಪೈಥಾನಿನ ಸೈನ್, ಕಾಸ್ ಎರಡಕ್ಕೂ ಡಿಗ್ರಿ ಅರ್ಥವಾಗುವುದಿಲ್ಲ, ರೇಡಿಯನ್ ಮಾತ್ರ. ನೀವು ಕೂಡಿಸಿದ 1 ಅದಕ್ಕೆ 1 ಡಿಗ್ರಿ ಅಲ್ಲ, 57.3 ಡಿಗ್ರಿ. ಆರು ಹೆಜ್ಜೆಗೆ 343.8 ಡಿಗ್ರಿ ಆಯಿತು, ಒಂದು ಸುತ್ತು ತುಂಬಲು 16.2 ಡಿಗ್ರಿ ಕಡಿಮೆ. ಹಾಗಾಗಿ ಆರು ಚುಕ್ಕೆ, ಮತ್ತು ಆ ಆರೂ ಸುತ್ತುಸುತ್ತಿಗೆ 16 ಡಿಗ್ರಿ ಹಿಂದೆ ಸರಿಯುತ್ತವೆ. ಪರದೆಯ ಮೇಲೆ ಆರು ಚುಕ್ಕೆ ಹಿಂದಕ್ಕೆ ತಿರುಗುವುದು ಕಂಡರೆ ಬೇರೆಲ್ಲೂ ಹುಡುಕಬೇಡಿ, ರೇಡಿಯನ್ನೇ.

ಪರೀಕ್ಷೆ ಒಂದೇ ಸಾಲಿನದು. ಸೈನ್(30) ಪ್ರಿಂಟ್ ಮಾಡಿಸಿ. ಮಕ್ಕಳಿಗೆ ಗೊತ್ತಿರುವ ಉತ್ತರ 0.5, ಬರುವುದು -0.988. ಸೈನ್(ರೇಡಿಯನ್ಸ್(30)) ಕೊಟ್ಟರೆ 0.49999999999999994 ಬರುತ್ತದೆ. ಕಂಪ್ಯೂಟರ್ ದಶಮಾಂಶವನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ ಆ ಬಾಲ ಬರುತ್ತದೆ, ಅದು ತಪ್ಪಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಅರ್ಧ ಪೀರಿಯಡ್ ಅಲ್ಲೇ ಹೋಗುತ್ತದೆ.

ಅಳಿಸುವ ಮುಂಚೆ ನಿಮ್ಮ ತಪ್ಪು ಪ್ರೋಗ್ರಾಂನಲ್ಲೇ ಒಂದು ಚೆಂದದ ವಿಷಯ ತೋರಿಸಬಹುದು. ಪರದೆ ತೊಳೆಯುವ ಫಿಲ್ ಸಾಲನ್ನು ತೆಗೆದು ಓಡಿಸಿ, ಚುಕ್ಕೆಗಳು ಉಳಿದುಕೊಳ್ಳುತ್ತವೆ. 44 ಹೆಜ್ಜೆಯಲ್ಲಿ ಭೂಮಿ 7 ಸುತ್ತು ಮುಗಿಸಿ ಬರೀ 1 ಡಿಗ್ರಿ ಮುಂದೆ ಬಂದು ನಿಲ್ಲುತ್ತದೆ, ವೃತ್ತದ ಮೇಲೆ 44 ಚುಕ್ಕೆ ಸಮನಾಗಿ ಕೂರುತ್ತವೆ. 7 ಸುತ್ತಿಗೆ 44 ಎಂದರೆ ಅರ್ಧ ಸುತ್ತಿಗೆ 22/7. ಪಾಠದಲ್ಲಿ ಬಾಯಿಪಾಠ ಮಾಡಿದ ಪೈ ಬೆಲೆ ಪರದೆಯ ಮೇಲೆ ಬಂದು ಕೂತಿರುತ್ತದೆ.

ಇನ್ನು ಮಕ್ಕಳ ಪ್ರಶ್ನೆ. ಹಳೆಯ ಕಬ್ಬಿನ ಗಾಣ ನೆನಪಿಸಿಕೊಳ್ಳಲಿ. ನಡುವೆ ಉರುಳು, ಅದಕ್ಕೆ ಕಟ್ಟಿದ ಉದ್ದನೆಯ ಮರ, ಮರದ ತುದಿಗೆ ಎತ್ತು. ಮರದ ಉದ್ದ ತ್ರಿಜ್ಯ. ಎತ್ತು ಹೊರಟ ಜಾಗದಿಂದ ಎಷ್ಟು ತಿರುಗಿದೆ ಅನ್ನುವುದು ಕೋನ. ಯಾವ ಗಳಿಗೆಯಲ್ಲಿ ನಿಲ್ಲಿಸಿದರೂ ಆ ಮರ ಒಂದು ಲಂಬಕೋನ ತ್ರಿಭುಜದ ಕರ್ಣವೇ: ಎತ್ತು ಉರುಳಿನಿಂದ ಅಡ್ಡಕ್ಕೆ ಎಷ್ಟು ದೂರ ಎಂದರೆ ತ್ರಿಜ್ಯ × ಕಾಸ್, ಉದ್ದಕ್ಕೆ ಎಷ್ಟು ದೂರ ಎಂದರೆ ತ್ರಿಜ್ಯ × ಸೈನ್. ಹತ್ತನೇ ತರಗತಿಯಲ್ಲಿ 0ಯಿಂದ 90 ಡಿಗ್ರಿಯವರೆಗೆ ಮಾತ್ರ ಕಲಿಸುತ್ತಾರೆ, ಅಂದರೆ ಗಾಣದ ಕಾಲು ಸುತ್ತು. 90 ದಾಟಿದರೆ ಎತ್ತು ಉರುಳಿನ ಎಡಕ್ಕೆ ಹೋಗುತ್ತದೆ, ಆದ್ದರಿಂದ ಕಾಸ್ ಋಣ. 180 ದಾಟಿದರೆ ಸೈನೂ ಋಣ. ಇಷ್ಟು ತಿಳಿದರೆ ಸಾಕು.

ತ್ರಿಜ್ಯ ಎಂಬ ನಮ್ಮ ಮಾತೇ ಈ ಮನೆಯದು. 499ರಲ್ಲಿ ಆರ್ಯಭಟ ಕೊಟ್ಟ ಜ್ಯಾ ಪಟ್ಟಿಯೇ ಇವತ್ತಿನ ಸೈನ್ ಪಟ್ಟಿ, 3 ಡಿಗ್ರಿ 45 ಮಿನಿಟಿಗೆ ಒಂದರಂತೆ 24 ಬೆಲೆಗಳು. ಅಲ್ಲಿ ತ್ರಿಜ್ಯ 3438. ಯಾಕೆ ಆ ಸಂಖ್ಯೆ? ಪರಿಧಿಯನ್ನು 21,600 ಮಿನಿಟ್ ಎಂದಿಟ್ಟುಕೊಂಡು 2 ಪೈನಿಂದ ಭಾಗಿಸಿದರೆ ಅಷ್ಟು ಬರುತ್ತದೆ. ಅಂದರೆ ಒಂದು ರೇಡಿಯನ್ನಿಗೆ 3438 ಮಿನಿಟ್. ರೇಡಿಯನ್ ಎಂದರೆ ಮಕ್ಕಳು ಹೆದರಬೇಕಾದ ಹೊಸ ವಸ್ತುವಲ್ಲ.

ಸರಿ ಮಾಡಿದ ಸಾಲುಗಳು:

ಡಿಟಿ = ಗಡಿಯಾರ.ಟಿಕ್(60) / 1000
ಕೋನ = (ಕೋನ + 30 * ಡಿಟಿ) % 360
ರೇ = ರೇಡಿಯನ್ಸ್(ಕೋನ)
ಭೂಮಿ_ಎಕ್ಸ್ = 400 + 150 * ಕಾಸ್(ರೇ)
ಭೂಮಿ_ವೈ = 300 + 150 * ಸೈನ್(ರೇ)

ಡಿಟಿ ಎಂದರೆ ಹಿಂದಿನ ಫ್ರೇಮಿನಿಂದ (ಪರದೆಯ ಒಂದು ಚಿತ್ರದಿಂದ) ಈ ಫ್ರೇಮಿಗೆ ಕಳೆದ ಸೆಕೆಂಡು. 30 ಎಂದರೆ ಸೆಕೆಂಡಿಗೆ 30 ಡಿಗ್ರಿ, 12 ಸೆಕೆಂಡಿಗೆ ಒಂದು ಸುತ್ತು. ಫ್ರೇಮಿಗೆ ಇಷ್ಟು ಡಿಗ್ರಿ ಎಂದು ಕೊಟ್ಟರೆ ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಿ ನಿಧಾನ, ಹೊಸ ಲ್ಯಾಪ್‌ಟಾಪಿನಲ್ಲಿ ಬೇಗ ಓಡುತ್ತದೆ. ಟಿಕ್ ಕೊಡುವುದು ಮಿಲಿಸೆಕೆಂಡ್, 1000ದಿಂದ ಭಾಗಿಸುವುದು ಮರೆತರೆ ಭೂಮಿ ಸಾವಿರ ಪಟ್ಟು ಜೋರಾಗಿ ಹೋಗಿ ಮತ್ತೆ ಕುಪ್ಪಳಿಸಿದ ಹಾಗೆ ಕಾಣುತ್ತದೆ. ವಿಂಡೋಸ್‌ನಲ್ಲಿ ಕಿಟಕಿಯನ್ನು ಮೌಸಿನಿಂದ ಹಿಡಿದು ಎಳೆದಾಗ ಲೂಪ್ ನಿಂತಿರುತ್ತದೆ, ಬಿಟ್ಟ ಕೂಡಲೇ ಡಿಟಿ ದೊಡ್ಡದಾಗಿ ಗ್ರಹಗಳು ಹಾರುತ್ತವೆ. ಡಿಟಿ 0.05ಕ್ಕಿಂತ ಹೆಚ್ಚಾದರೆ 0.05 ಎಂದೇ ಇಟ್ಟುಕೊಳ್ಳಿ.

ಸರಿಯಾಯಿತೋ ಇಲ್ಲವೋ ನೋಡಲು ಮೂರು ಜಾಗ ಸಾಕು. 0 ಡಿಗ್ರಿಗೆ (550, 300), 60ಕ್ಕೆ (475, 429.9), 120ಕ್ಕೆ (325, 429.9) ಬರಬೇಕು.

---

ಆಲೆಮನೆ_ಬೆಲ್ಲ (ಪಾಂಡವಪುರ):

ಚಂದ್ರನ ವಿಷಯ ನಾನು ಹೇಳ್ತೀನಿ ಮೇಷ್ಟ್ರೇ. ಒಂದು ಎಚ್ಚರಿಕೆ ಮೊದಲು: ಕೋನಮಾಪಕರು ಹೇಳಿದ ರೇಡಿಯನ್ ಸರಿಮಾಡಿದ ತಕ್ಷಣ ನಿಮ್ಮ ಚಂದ್ರ ಪರದೆ ಬಿಟ್ಟು ಹೊರಗೆ ಹೋಗ್ತಾನೆ. ಗಾಬರಿ ಆಗಬೇಡಿ, ಸರಿ ಮಾಡಿದ್ದನ್ನ ವಾಪಸ್ ಕೆಡಿಸಬೇಡಿ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡಿದ್ದವು, ಅಷ್ಟೇ.

ನೀವು ಬರೆದಿರೋದು "ಹಳೆ ಜಾಗಕ್ಕೆ 30 × ಕಾಸ್ ಕೂಡಿಸು" ಅಂತ. ಅಂದ್ರೆ 30 ಇಲ್ಲಿ ತ್ರಿಜ್ಯ ಅಲ್ಲ, ಪ್ರತಿ ಫ್ರೇಮಿನ ಹೆಜ್ಜೆಯ ಉದ್ದ. 30 ಪಿಕ್ಸೆಲ್ ಹೆಜ್ಜೆ ಇಡೋದು, ಸ್ವಲ್ಪ ತಿರುಗೋದು, ಮತ್ತೆ 30 ಇಡೋದು. ಹೆಜ್ಜೆಗೆ 57.3 ಡಿಗ್ರಿ ತಿರುಗಿದಾಗ ಆ ಹೆಜ್ಜೆಗಳು ಸುಮಾರು 31 ಪಿಕ್ಸೆಲ್ ತ್ರಿಜ್ಯದ ವೃತ್ತ ಮಾಡ್ತವೆ. ಅದಕ್ಕೇ ನಿಮಗೆ ಅದು ಸರಿ ಇದ್ದ ಹಾಗೆ ಕಂಡಿದ್ದು. ಹೆಜ್ಜೆಗೆ 1 ಡಿಗ್ರಿ ಮಾತ್ರ ತಿರುಗಿದ್ರೆ ವೃತ್ತದ ತ್ರಿಜ್ಯ 1719 ಪಿಕ್ಸೆಲ್, ವ್ಯಾಸ 3438. ಮೇಲೆ ಹೇಳಿದ ಆರ್ಯಭಟನ ಸಂಖ್ಯೆಯೇ! ಯಾಕೆ ಅದೇ ಬಂತು ಅಂತ ಮಕ್ಕಳ ಕೈಲಿ ಲೆಕ್ಕ ಹಾಕಿಸಿ, ಒಳ್ಳೆ ಪ್ರಶ್ನೆ ಅದು.

ಇದಕ್ಕೆಲ್ಲ ಮದ್ದು ಒಂದೇ. ಪ್ರೋಗ್ರಾಂ ನೆನಪಿಟ್ಟುಕೊಳ್ಳಬೇಕಾದ್ದು ಕೋನವನ್ನು ಮಾತ್ರ. ಜಾಗವನ್ನ ಪ್ರತಿ ಫ್ರೇಮಿಗೂ ಕೇಂದ್ರದಿಂದ ಹೊಸದಾಗಿ ಲೆಕ್ಕ ಹಾಕಬೇಕು, ಹಳೆ ಜಾಗದ ಮೇಲೆ ಕೂಡಿಸಬಾರದು. ಚಂದ್ರನ ಕೇಂದ್ರ ಯಾವುದು? ಆ ಗಳಿಗೆಯಲ್ಲಿ ಭೂಮಿ ಎಲ್ಲಿದೆಯೋ ಅದು.

ಡೆಫ್ ಸುತ್ತು(ಕೇಂದ್ರ, ತ್ರಿಜ್ಯ, ಕೋನ):
    ರೇ = ರೇಡಿಯನ್ಸ್(ಕೋನ)
    ರಿಟರ್ನ್ (ಕೇಂದ್ರ[0] + ತ್ರಿಜ್ಯ * ಕಾಸ್(ರೇ), ಕೇಂದ್ರ[1] + ತ್ರಿಜ್ಯ * ಸೈನ್(ರೇ))

ಭೂಮಿ = ಸುತ್ತು((400, 300), 150, ಭೂಮಿ_ಕೋನ)
ಚಂದ್ರ = ಸುತ್ತು(ಭೂಮಿ, 30, ಚಂದ್ರ_ಕೋನ)

ಈ ಎರಡು ಸಾಲಿನ ಕ್ರಮ ಬದಲಾಯಿಸಬೇಡಿ. ಚಂದ್ರನನ್ನ ಮೊದಲು ಬರೆದ್ರೆ ಅವನು ಹಿಂದಿನ ಫ್ರೇಮಿನ ಭೂಮಿಯನ್ನ ಸುತ್ತುತ್ತಾನೆ. ಸೆಕೆಂಡಿಗೆ 30 ಡಿಗ್ರಿ ವೇಗದಲ್ಲಿ ಅದು ಬರೀ 1.3 ಪಿಕ್ಸೆಲ್ ವ್ಯತ್ಯಾಸ, ಕಣ್ಣಿಗೆ ಬೀಳಲ್ಲ. ವೇಗ ಹೆಚ್ಚಿಸಿದಾಗ ಚಂದ್ರನ ಕಕ್ಷೆ ಒಂದು ಪಕ್ಕಕ್ಕೆ ಜೋತುಬಿದ್ದ ಹಾಗೆ ಕಾಣುತ್ತೆ, ಆಗ ಕಾರಣ ಹುಡುಕೋದು ಕಷ್ಟ.

ಯಾರಾದ್ರೂ ಚುರುಕು ಹುಡುಗ ಅಥವಾ ಹುಡುಗಿ "ಸ್ಪರ್ಶಕದ ದಿಕ್ಕಿನಲ್ಲಿ ಚೂರುಚೂರು ಸರಿಸ್ತಾ ಹೋದ್ರೂ ವೃತ್ತ ಬರುತ್ತಲ್ಲ" ಅಂತ ಕೇಳಬಹುದು. ಬರಲ್ಲ. ಸ್ಪರ್ಶಕ ಯಾವಾಗಲೂ ವೃತ್ತದ ಹೊರಗೇ ಹೋಗೋದು. 1 ಡಿಗ್ರಿಗೆ ಸಮನಾದ ಹೆಜ್ಜೆ ಇಡ್ತಾ ಹೋದ್ರೆ ಒಂದು ಸುತ್ತಿಗೆ ತ್ರಿಜ್ಯ 5.6% ಹಿಗ್ಗುತ್ತೆ: 150 ಇದ್ದದ್ದು 158.5. ಹತ್ತು ಸುತ್ತಿಗೆ 260. ಸುರುಳಿ ಸುರುಳಿಯಾಗಿ ಹೊರಗೆ ಹೋಗುತ್ತೆ. ಒಂದು ಸಲ ಮಾಡಿ ತೋರಿಸಿದ್ರೆ ಸೈನ್, ಕಾಸ್ ಯಾಕೆ ಬೇಕು ಅಂತ ಮತ್ತೆ ಕೇಳಲ್ಲ.

ಇನ್ನೊಂದು. ಜಾಗವನ್ನ ರೆಕ್ಟ್ (ಜಾಗ, ಅಳತೆ ಇಟ್ಟುಕೊಳ್ಳೋ ಪೈಗೇಮಿನ ಚೌಕಟ್ಟು) ಒಳಗೆ ಇಟ್ಟು ಅಲ್ಲೇ ಲೆಕ್ಕ ಮಾಡಬೇಡಿ. ಪೈಗೇಮಿನ ಸಾಮಾನ್ಯ ರೆಕ್ಟ್ ಪೂರ್ಣಾಂಕ ಮಾತ್ರ ಇಟ್ಟುಕೊಳ್ಳುತ್ತೆ, ದಶಮಾಂಶ ಕತ್ತರಿಸಿ ಬಿಸಾಕುತ್ತೆ. ದಶಮಾಂಶವನ್ನ ನಿಮ್ಮ ಚರಾಕ್ಷರದಲ್ಲಿ ಉಳಿಸಿಕೊಂಡು, ಬಿಡಿಸೋ ಹೊತ್ತಿಗೆ ಮಾತ್ರ ರೌಂಡ್ ಮಾಡಿ.

---

ಕಬ್ಬಿನ_ಗದ್ದೆ (ಮಂಡ್ಯ):

ಇಬ್ಬರಿಗೂ ತುಂಬಾ ಧನ್ಯವಾದ. ಭೂಮಿ ನಯವಾಗಿ ಸುತ್ತುತ್ತಿದೆ, ಚಂದ್ರ ಜೊತೆಗೇ ಬರುತ್ತಿದ್ದಾನೆ. 44 ಚುಕ್ಕೆಯೂ ಸರಿಯಾಗಿ ಬಂತು. ಈಗ ಎರಡು ಅನುಮಾನ. ಕೋನ ಹೆಚ್ಚುತ್ತಿದ್ದರೂ ಭೂಮಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೋಗುತ್ತಿದೆ, ಪುಸ್ತಕದ ಚಿತ್ರದಲ್ಲಿ ಅದಕ್ಕೆ ವಿರುದ್ಧ ಇದೆ. ಮತ್ತೆ, ಚರಾಕ್ಷರಕ್ಕೆ ಕನ್ನಡ ಹೆಸರು ಕೊಟ್ಟರೆ ಕೆಲವು ಓಡುತ್ತವೆ, ಕೆಲವು ಎರರ್ ಕೊಡುತ್ತವೆ. ಯಾಕೆ?

---

ಕೋನಮಾಪಕ (ಮೈಸೂರು):

ಗ್ರಾಫ್ ಹಾಳೆಯಲ್ಲಿ ವೈ ಮೇಲಕ್ಕೆ ಬೆಳೆಯುತ್ತದೆ. ಪೈಗೇಮ್ ಪರದೆಯಲ್ಲಿ (0, 0) ಎಡಗಡೆ ಮೇಲಿನ ಮೂಲೆ, ವೈ ಕೆಳಕ್ಕೆ ಬೆಳೆಯುತ್ತದೆ. ಚಿತ್ರ ತಲೆಕೆಳಗಾದ್ದರಿಂದ ಸುತ್ತುವ ದಿಕ್ಕೂ ತಿರುಗಿತು. 'ಸುತ್ತು' ಒಳಗೆ ಸೈನಿನ ಮುಂದಿನ ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆ ಮಾಡಿ. ಭೂಮಿಯ ಉತ್ತರ ಧ್ರುವದ ಕಡೆಯಿಂದ ನೋಡಿದರೆ ಎಂಟೂ ಗ್ರಹಗಳು ಸೂರ್ಯನನ್ನು ಸುತ್ತುವುದು ಗಡಿಯಾರದ ವಿರುದ್ಧ ದಿಕ್ಕಿನಲ್ಲೇ, ಚಂದ್ರನೂ ಹಾಗೆಯೇ. ನಿಮ್ಮ ಪುಸ್ತಕ ಸರಿ. ಬದಲಾವಣೆ ಆ ಒಂದೇ ಜಾಗದಲ್ಲಿರಲಿ. ಚಂದ್ರನಿಗೆ ಬೇರೆ, ಭೂಮಿಗೆ ಬೇರೆ ಎಂದು ತೇಪೆ ಹಾಕಿದರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಸುತ್ತುತ್ತವೆ.

ಚಿಕ್ಕ ಮಕ್ಕಳಿಗೆ ಸ್ಕ್ರ್ಯಾಚ್‌ನಲ್ಲಿ (ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸಾಧನ) ಮಾಡಿಸುವುದಾದರೆ ಅಲ್ಲಿ ಎರಡೂ ತಾಪತ್ರಯ ಇಲ್ಲ: ಸೈನ್, ಕಾಸ್ ಡಿಗ್ರಿಯಲ್ಲೇ, ವೈ ಮೇಲಕ್ಕೇ, ನಡುಮಧ್ಯ (0, 0). ವೇದಿಕೆ 480 × 360, ಹಾಗಾಗಿ ತ್ರಿಜ್ಯ 180 ಮೀರಬಾರದು. ಒಂದು ತೊಡಕಿದೆ. ಸ್ಕ್ರ್ಯಾಚ್‌ನ 'ದಿಕ್ಕು' 0 ಎಂದರೆ ಮೇಲಕ್ಕೆ, ಹೆಚ್ಚಿದಂತೆ ಗಡಿಯಾರದ ದಿಕ್ಕು. ಅದನ್ನು ಕಕ್ಷೆಯ ಕೋನವಾಗಿ ಬಳಸದೆ ಬೇರೆ ಚರಾಕ್ಷರ ಮಾಡಿಕೊಳ್ಳಿ.

ಕನ್ನಡ ಹೆಸರಿನ ಎರರ್‌ಗೆ ಕಾರಣ ಕಣ್ಣಿಗೆ ಕಾಣದ ಒಂದು ಅಕ್ಷರ. ಪೈಥಾನ್ 3 ಕನ್ನಡ ಹೆಸರುಗಳನ್ನು ಒಪ್ಪುತ್ತದೆ. ಆದರೆ ಪದದ ನಡುವೆ ಒತ್ತಕ್ಷರ ಆಗದಂತೆ ಬಿಡಿಸಿ ಬರೆಯುವಾಗ ಕೀಬೋರ್ಡ್ ನಡುವೆ ಒಂದು ಅದೃಶ್ಯ ಅಕ್ಷರ ಸೇರಿಸುತ್ತದೆ, 'ಎಕ್ಸ್‌ದೂರ' ಎಂಬುದರಲ್ಲಿ ಇರುವ ಹಾಗೆ. ಹೆಸರಿನ ಒಳಗೆ ಅದನ್ನು ಪೈಥಾನ್ ಬಿಡುವುದಿಲ್ಲ. 'ಎಕ್ಸ್_ದೂರ' ಎಂದು ಅಡಿಗೆರೆ ಹಾಕಿ, ಓಡುತ್ತದೆ.

---

ಹುಣ್ಣಿಮೆ_ಲೆಕ್ಕ (ಮೈಸೂರು):

ಗ್ರಹಗಳ ವೇಗದ ಪ್ರಶ್ನೆ ಬಾಕಿ ಉಳಿದಿದೆ. ಭೂಮಿಗೆ ಸೆಕೆಂಡಿಗೆ 30 ಡಿಗ್ರಿ ಇಟ್ಟುಕೊಂಡಿದ್ದೀರಿ, ಒಳ್ಳೆಯ ಆಯ್ಕೆ, ಒಂದು ಸೆಕೆಂಡ್ ಒಂದು ತಿಂಗಳಾಗುತ್ತದೆ. ಉಳಿದವಕ್ಕೆ 30ನ್ನು ಆ ಗ್ರಹದ ವರ್ಷದಿಂದ ಭಾಗಿಸಿ (ವರ್ಷವನ್ನು ಭೂಮಿಯ ವರ್ಷಗಳಲ್ಲಿ ಹಾಕಿ). ಬುಧ 88 ದಿನ, ಸೆಕೆಂಡಿಗೆ 124.5 ಡಿಗ್ರಿ. ಶುಕ್ರ 224.7 ದಿನ, 48.8. ಮಂಗಳ 687 ದಿನ, 16. ಗುರು 11.86 ವರ್ಷ, 2.5. ಶನಿ 29.5 ವರ್ಷ, 1.02. ಶನಿ ಒಂದು ಸುತ್ತು ಬರಲು ಆರು ನಿಮಿಷ ಬೇಕು, ನೋಡುವವರಿಗೆ ನಿಂತ ಹಾಗೆಯೇ ಕಾಣುತ್ತದೆ. ಇರಲಿ ಬಿಡಿ, ಶನೈಶ್ಚರ ಎಂದರೆ ನಿಧಾನವಾಗಿ ನಡೆಯುವವನು ಎಂದೇ ತಾನೆ.

ದೂರವನ್ನು ನಿಜವಾದ ಅಳತೆಗೆ ಹಾಕಲು ಹೋಗಬೇಡಿ. ಭೂಮಿಗೆ 150 ಪಿಕ್ಸೆಲ್ ಕೊಟ್ಟರೆ ಗುರುವಿಗೆ 780 ಬೇಕು, ನಿಮ್ಮಲ್ಲಿರುವುದು ನಡುವಿನಿಂದ ಮೇಲಕ್ಕೆ 300. ದೂರದ ವರ್ಗಮೂಲ ತೆಗೆದುಕೊಂಡು ಭೂಮಿಗೆ 90 ಇಟ್ಟರೆ ಬುಧ 56, ಶುಕ್ರ 77, ಮಂಗಳ 111, ಗುರು 205, ಶನಿ 279. ಎಲ್ಲ ಹಿಡಿಸುತ್ತವೆ. ಆದರೆ ಶುಕ್ರಕ್ಕೂ ಭೂಮಿಗೂ ನಡುವೆ 13 ಪಿಕ್ಸೆಲ್ ಮಾತ್ರ, ಅಲ್ಲಿ 30ರ ಚಂದ್ರ ಶುಕ್ರ, ಮಂಗಳ ಇಬ್ಬರ ದಾರಿಯನ್ನೂ ದಾಟುತ್ತಾನೆ. ಸೂರ್ಯ-ಭೂಮಿ-ಚಂದ್ರ ಒಂದು ಪರದೆ, ಗ್ರಹಗಳೆಲ್ಲ ಇನ್ನೊಂದು ಪರದೆ ಮಾಡಿಸುವುದೇ ಸರಿ. "ಅಳತೆ ನಿಜವಲ್ಲ, ಕಾಲ ನಿಜ" ಎಂದು ಕೆಳಗೆ ಒಂದು ಸಾಲು ಬರೆಸಿ.

ಚಂದ್ರನ ಪರದೆ ಬಹಳ ಬೆಲೆಯುಳ್ಳದ್ದು. ಚಂದ್ರ ಒಂದು ಸುತ್ತಿಗೆ 27.3 ದಿನ, ನಿಮ್ಮ ಲೆಕ್ಕದಲ್ಲಿ ಸೆಕೆಂಡಿಗೆ 401 ಡಿಗ್ರಿ. ವರ್ಷಕ್ಕೆ 13.37 ಸುತ್ತು. ಆದರೆ ಹುಣ್ಣಿಮೆ ವರ್ಷಕ್ಕೆ ಅಷ್ಟಿಲ್ಲ, 12.37. ಆ ಒಂದು ಸುತ್ತು ಎಲ್ಲಿ ಹೋಯಿತು ಎಂಬುದನ್ನು ಪ್ರೋಗ್ರಾಂ ಕಣ್ಣೆದುರೇ ತೋರಿಸುತ್ತದೆ. ಭೂಮಿಯ ಕೋನ ಸೂರ್ಯನಿಂದ ಅಳೆದದ್ದು, ಚಂದ್ರನದು ಭೂಮಿಯಿಂದ. ಎರಡೂ ಒಂದೇ ಆದಾಗ ಚಂದ್ರ ಸೂರ್ಯನಿಗೆ ಬೆನ್ನ ಹಿಂದೆ: ಹುಣ್ಣಿಮೆ. ವ್ಯತ್ಯಾಸ 180 ಆದಾಗ ಅಮಾವಾಸ್ಯೆ. ಸೂರ್ಯನ ದಿಕ್ಕೇ ತಿರುಗುತ್ತಿರುವುದರಿಂದ ಚಂದ್ರ ಒಂದು ಸುತ್ತು ಮುಗಿಸಿದರೂ ಇನ್ನೂ ಎರಡು ದಿನದಷ್ಟು ಓಡಿ ಹಿಡಿಯಬೇಕು, 29.5 ದಿನವಾಗುತ್ತದೆ.

ವ್ಯತ್ಯಾಸ = (ಚಂದ್ರ_ಕೋನ - ಭೂಮಿ_ಕೋನ) % 360
ಇಫ್ ವ್ಯತ್ಯಾಸ < ಹಿಂದಿನ_ವ್ಯತ್ಯಾಸ: ಹುಣ್ಣಿಮೆ = ಹುಣ್ಣಿಮೆ + 1
ಹಿಂದಿನ_ವ್ಯತ್ಯಾಸ = ವ್ಯತ್ಯಾಸ

'ವ್ಯತ್ಯಾಸ 0 ಆದರೆ' ಎಂದು ಬರೆದರೆ ಒಂದೂ ಹುಣ್ಣಿಮೆ ಸಿಗುವುದಿಲ್ಲ. ವ್ಯತ್ಯಾಸ ಫ್ರೇಮಿಗೆ 6.2 ಡಿಗ್ರಿ ಜಿಗಿಯುತ್ತದೆ, ಸರಿಯಾಗಿ 0 ಮೇಲೆ ಕಾಲಿಡುವುದೇ ಇಲ್ಲ. 359ರ ಹತ್ತಿರದಿಂದ ಮತ್ತೆ ಚಿಕ್ಕ ಸಂಖ್ಯೆಗೆ ಇಳಿದ ಗಳಿಗೆಯನ್ನು ಹಿಡಿಯಬೇಕು. ಪಕ್ಕದಲ್ಲಿ ವರ್ಷ, ಹುಣ್ಣಿಮೆ ಎರಡನ್ನೂ ಎಣಿಸುತ್ತಾ ಹೋಗಲಿ. ಮೂರು ವರ್ಷಕ್ಕೆ 36ರ ಬದಲು 37 ಹುಣ್ಣಿಮೆ ಆಗಿರುವುದು ಕಾಣುತ್ತದೆ. ಪಂಚಾಂಗದಲ್ಲಿ ಅಧಿಕ ಮಾಸ ಯಾಕೆ ಬರುತ್ತದೆ ಎಂದು ಪ್ರದರ್ಶನಕ್ಕೆ ಬಂದ ಅಜ್ಜಿಯರಿಗೂ ಅಲ್ಲೇ ತೋರಿಸಬಹುದು.

ಕಕ್ಷೆ ವೃತ್ತವಲ್ಲ, ದೀರ್ಘವೃತ್ತ ಅಲ್ಲವೇ ಎಂದು ತೀರ್ಪುಗಾರರು ಕೇಳಿದರೆ: ಭೂಮಿಯ ಉತ್ಕೇಂದ್ರತೆ (ಕಕ್ಷೆ ವೃತ್ತಕ್ಕಿಂತ ಎಷ್ಟು ಬೇರೆ ಎನ್ನುವ ಅಳತೆ) 0.0167, ಪರದೆಯಲ್ಲಿ ವೃತ್ತಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣದು. ಬುಧನದು 0.206. ಅಲ್ಲಿಯೂ ಕಕ್ಷೆ ಅದುಮಿದ ಹಾಗೆ ಕಾಣುವುದಿಲ್ಲ, ಭೂಮಿಗೆ 150 ಪಿಕ್ಸೆಲ್ ಇಟ್ಟ ನಿಜವಾದ ಅಳತೆಯಲ್ಲಿ ಅರ್ಧ ಉದ್ದ 58 ಆದರೆ ಅರ್ಧ ಅಗಲ 57. ಕಾಣುವುದು ಸೂರ್ಯ ನಡುವಿನಿಂದ 12 ಪಿಕ್ಸೆಲ್ ಪಕ್ಕಕ್ಕೆ ಇರುವುದು. ಬರೀ ಚಿತ್ರವನ್ನು ಚಪ್ಪಟೆ ಮಾಡಿ ಸೂರ್ಯನನ್ನು ನಡುವೆಯೇ ಬಿಟ್ಟರೆ ಅದು ತಪ್ಪು ಚಿತ್ರ, ಅದಕ್ಕಿಂತ ವೃತ್ತವೇ ಮೇಲು.

---

ಕಬ್ಬಿನ_ಗದ್ದೆ (ಮಂಡ್ಯ):

ಹುಣ್ಣಿಮೆ ಎಣಿಕೆ ಬಂತು ಸಾರ್, ಮೂರು ವರ್ಷಕ್ಕೆ 37! ಕೊನೆಯ ತೊಂದರೆ ಒಂದಿದೆ. ಶನಿಗೆ ಉಂಗುರ ಇರುವ 64 × 64 ಚಿತ್ರ ಹಾಕಿದ್ದೇವೆ. ಅದು ತನ್ನಷ್ಟಕ್ಕೆ ತಿರುಗಲಿ ಎಂದು ಪ್ರತಿ ಫ್ರೇಮಿಗೆ ರೊಟೇಟ್ 1 ಕೊಟ್ಟರೆ ಮಸುಕಾಗುತ್ತಾ, ದೊಡ್ಡದಾಗುತ್ತಾ ಹೋಗಿ ಕೊನೆಗೆ ಪ್ರೋಗ್ರಾಂ ನಿಂತೇಬಿಡುತ್ತದೆ.

---

ಆಲೆಮನೆ_ಬೆಲ್ಲ (ಪಾಂಡವಪುರ):

ಚಂದ್ರನಿಗೆ ಆಗಿದ್ದ ಕಾಯಿಲೆಯೇ ಇದು ಮೇಷ್ಟ್ರೇ. ತಿರುಗಿಸಿದ ಚಿತ್ರವನ್ನೇ ಮತ್ತೆ ತಿರುಗಿಸ್ತಾ ಇದ್ದೀರಿ. ಓರೆ ನಿಂತ ಚೌಕ ಹಿಡಿಸಬೇಕಂದ್ರೆ ಪೈಗೇಮ್ ಸುತ್ತ ಖಾಲಿ ಜಾಗ ಸೇರಿಸುತ್ತೆ, 64ರ ಚಿತ್ರ 45 ಡಿಗ್ರಿಗೆ ಸುಮಾರು 90 ಆಗುತ್ತೆ. ಮುಂದಿನ ಫ್ರೇಮಿನಲ್ಲಿ ಆ ಖಾಲಿ ಜಾಗವೂ ಚಿತ್ರದ ಭಾಗ, ಅದಕ್ಕೆ ಮತ್ತೆ ಖಾಲಿ ಜಾಗ. ಮೆಮೊರಿ ತುಂಬಿ ನಿಲ್ಲುತ್ತೆ. ಮೂಲ ಚಿತ್ರ ಮುಟ್ಟದೆ ಹಾಗೇ ಇಟ್ಟು, ಒಟ್ಟು ಕೋನದಿಂದ ಪ್ರತಿ ಸಲ ಹೊಸದು ಮಾಡಿ:

ತಿರುಗಿದ್ದು = ರೊಟೇಟ್(ಮೂಲ_ಚಿತ್ರ, ಶನಿ_ತಿರುವು)
ಚೌಕಟ್ಟು = ತಿರುಗಿದ್ದು.ಗೆಟ್_ರೆಕ್ಟ್(ಸೆಂಟರ್ = ಶನಿ)
ಪರದೆ.ಬ್ಲಿಟ್(ತಿರುಗಿದ್ದು, ಚೌಕಟ್ಟು)

ಎರಡನೇ ಸಾಲು ಬಿಟ್ರೆ ಚಿತ್ರದ ಅಳತೆ ಬದಲಾದ ಹಾಗೆಲ್ಲ ಶನಿ ಅಲ್ಲಾಡುತ್ತೆ. ಶನಿ_ತಿರುವು ಅನ್ನೋದು ಶನಿ_ಕೋನಕ್ಕಿಂತ ಬೇರೆ ಇರಲಿ. ದಸರಾ ವಸ್ತುಪ್ರದರ್ಶನದ ಜೈಂಟ್ ವೀಲ್ ನೋಡಿ, ತೊಟ್ಟಿಲು ಚಕ್ರದ ಜೊತೆ ಸುತ್ತುತ್ತೆ, ಆದ್ರೆ ಕೂತವರು ತಲೆಕೆಳಗಾಗಲ್ಲ. ಸುತ್ತೋದು ಬೇರೆ, ತಿರುಗೋದು ಬೇರೆ. ಹಾಗೆ ನೋಡಿದ್ರೆ ಉಂಗುರ ಇರುವ ಚಿತ್ರವನ್ನ ತಿರುಗಿಸಲೇಬಾರದು. ಶನಿಯ ಅಕ್ಷ ಸುಮಾರು 27 ಡಿಗ್ರಿ ವಾಲಿದೆ, ಸುತ್ತಿನುದ್ದಕ್ಕೂ ಆ ವಾಲು ಒಂದೇ ದಿಕ್ಕಿಗೆ ಇರುತ್ತೆ. ಶನಿ_ತಿರುವಿಗೆ 27 ಅಂತ ಒಂದೇ ಸಲ ಕೊಟ್ಟು ರೊಟೇಟ್ ಸಾಲನ್ನ ಲೂಪಿನ ಹೊರಗೆ ಹಾಕಿ, ಗೆಟ್_ರೆಕ್ಟ್ ಮತ್ತೆ ಬ್ಲಿಟ್ (ಪರದೆ ಮೇಲೆ ಚಿತ್ರ ಇಡೋ ಸಾಲು) ಒಳಗೇ ಇರಲಿ.